ಕೊಂಡಿ ತೆರೆಯದಿದ್ದರೂ ದಾಖಲೆ ಸಿಗಬೇಕು: ಡಿಜಿಟಲ್ ಪತ್ರಾಗಾರಗಳ ಆಧಾರವನ್ನು ವಂಶಾವಳಿಯಲ್ಲಿ ಬರೆಯುವುದು ಹೇಗೆ?

ಹೊನ್ನಾವರದ ಮರಿಮಗಳು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ತಾಯಿಯ ಕಡೆಯ ವಂಶಾವಳಿಯನ್ನು ನಾನು 2011ರಿಂದ ಬರೆದಿಡುತ್ತಾ ಬಂದಿದ್ದೇನೆ. ತಾಯಿಯ ಮುತ್ತಜ್ಜಿ ಆಂಗ್ಲೋ-ಇಂಡಿಯನ್ ಮನೆತನದವರು. ಅವರಿಗೆ 1858ರಲ್ಲಿ ಹೊನ್ನಾವರದಲ್ಲಿ ಬ್ಯಾಪ್ಟಿಸಂ ಆಯಿತೆಂಬುದಕ್ಕೆ ಆಧಾರವಾದ ದಾಖಲೆಯನ್ನು ಹತ್ತು ವರ್ಷಗಳ ಹಿಂದೆ ಒಂದು ಜಾಲತಾಣದಲ್ಲಿ ಕಣ್ಣಾರೆ ಕಂಡಿದ್ದೆ. ಟಿಪ್ಪಣಿಯಲ್ಲಿ ಅದರ ಕೊಂಡಿಯನ್ನೂ, ಮುಂದೆ "ಬ್ಯಾಪ್ಟಿಸಂ, ಹೊನ್ನಾವರ, 1858" ಎಂಬ ಮಾತನ್ನೂ ಬರೆದುಕೊಂಡು ಮುಂದಿನ ತಲೆಮಾರಿಗೆ ಹೋಗಿಬಿಟ್ಟೆ.

ಕಳೆದ ತಿಂಗಳು ನನ್ನ ದೊಡ್ಡಮ್ಮನ ಮೊಮ್ಮಗಳು ಇದೇ ವಿಷಯದಲ್ಲಿ ಆಸಕ್ತಿ ತೋರಿಸಿ, "ಇದಕ್ಕೆ ಆಧಾರ ಎಲ್ಲಿದೆ ಅತ್ತೆ?" ಎಂದು ಕೇಳಿದಾಗ ಆ ಕೊಂಡಿಯನ್ನು ಒತ್ತಿದೆ. ಜಾಲತಾಣದ ಮುಖಪುಟ ತೆರೆದುಕೊಂಡಿತು, ದಾಖಲೆ ಬರಲಿಲ್ಲ. ಆತಂಕವಾಗಿ ನನ್ನ ಟಿಪ್ಪಣಿಯಲ್ಲಿರುವ 212 ಕೊಂಡಿಗಳನ್ನೂ ಒಂದೊಂದಾಗಿ ತೆರೆದು ನೋಡಿದೆ. 74 ಕೊಂಡಿಗಳು ದಾಖಲೆಯವರೆಗೆ ಹೋಗುವುದಿಲ್ಲ. ಕೆಲವು ಪುಟವೇ ಇಲ್ಲವೆನ್ನುತ್ತವೆ, ಹೆಚ್ಚಿನವು ಮುಖಪುಟಕ್ಕೆ ಕರೆದೊಯ್ಯುತ್ತವೆ, ಎರಡು ಕೊಂಡಿಗಳಂತೂ ಬೇರೆ ಯಾರದೋ ದಾಖಲೆಯನ್ನು ತೋರಿಸುತ್ತವೆ.

ಹೊನ್ನಾವರವು ಬೊಂಬಾಯಿ ಪ್ರಾಂತಕ್ಕೆ ಸೇರಿತ್ತೆಂದು ತಿಳಿದು, ಎರಡು ವಾರಗಳಿಂದ ಆ ಪ್ರಾಂತದ ಚರ್ಚ್ ದಾಖಲೆಗಳಲ್ಲಿ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಈ ಒಂದು ದಾಖಲೆಗಾಗಿ ಮಾತ್ರವಲ್ಲ, ಮುಂದಿನ ಕೆಲಸಕ್ಕಾಗಿಯೂ ಕೇಳುತ್ತಿದ್ದೇನೆ: ನಂಬಬಹುದಾದ ಕೊಂಡಿ ಎಂಬುದು ಇದೆಯೇ? ಇಲ್ಲವಾದರೆ ಕೊಂಡಿಯ ಜೊತೆಗೆ ಏನನ್ನು ಬರೆದಿಡಬೇಕು?

ನಿವೃತ್ತ ಗ್ರಂಥಪಾಲಕ

ನಿಮ್ಮ 74 ಕೊಂಡಿಗಳನ್ನು ಮೊದಲು ಬಗೆಬಗೆಯಾಗಿ ವಿಂಗಡಿಸಿಕೊಳ್ಳಿ, ಏಕೆಂದರೆ ಅವು ಕೈಕೊಟ್ಟಿರುವ ರೀತಿ ಒಂದೇ ಅಲ್ಲ. ಪುಟ ಇಲ್ಲವೆಂದು ಹೇಳುವ ಕೊಂಡಿ ಕನಿಷ್ಠ ಸತ್ಯವನ್ನಾದರೂ ಹೇಳುತ್ತಿದೆ. ಮುಖಪುಟಕ್ಕೆ ಕಳಿಸುವ ಕೊಂಡಿ, ತಾನು ಕೆಟ್ಟಿರುವುದನ್ನು ಕೊಂಡಿ ಪರೀಕ್ಷಿಸುವ ತಂತ್ರಾಂಶಗಳಿಂದಲೂ ಮರೆಮಾಡುತ್ತದೆ, ಏಕೆಂದರೆ ಒಂದು ಪುಟವಂತೂ ಸರಿಯಾಗಿಯೇ ತೆರೆದುಕೊಂಡಿರುತ್ತದೆ. ಪ್ರವೇಶ ಪದ ಕೇಳುವ ಅಥವಾ ನಿರ್ದಿಷ್ಟ ಕೇಂದ್ರದಲ್ಲಿ ಮಾತ್ರ ನೋಡಬಹುದೆಂದು ಹೇಳುವ ಕೊಂಡಿ ಸತ್ತಿಲ್ಲ, ಅದಕ್ಕೆ ಬೀಗ ಬಿದ್ದಿದೆ ಅಷ್ಟೆ. ಅಂಥವನ್ನು ಟಿಪ್ಪಣಿಯಿಂದ ಅಳಿಸಬೇಡಿ.

ನನಗೆ ಹೆಚ್ಚು ಚಿಂತೆಯಾಗಿರುವುದು ಬೇರೆಯವರ ದಾಖಲೆಯನ್ನು ತೋರಿಸುತ್ತಿರುವ ಆ ಎರಡು ಕೊಂಡಿಗಳ ಬಗ್ಗೆ. ಒಂದು ಸಂಪುಟವನ್ನು ಮೊದಲು ಸ್ಕ್ಯಾನ್ ಮಾಡುವಾಗ ಎರಡು ಹಾಳೆಗಳು ಅಂಟಿಕೊಂಡು ಬಿಟ್ಟುಹೋಗಿದ್ದವೆನ್ನಿ. ನಂತರ ಅವನ್ನು ಸೇರಿಸಿದರೆ, ಚಿತ್ರಗಳ ಸಂಖ್ಯೆಯನ್ನು ಸಾಲಾಗಿ ಎಣಿಸುವ ಜಾಲತಾಣದಲ್ಲಿ 46ನೆಯ ಚಿತ್ರ 48ನೆಯದಾಗುತ್ತದೆ. ನಿಮ್ಮ ಕೊಂಡಿ 46ನ್ನೇ ತೋರಿಸುತ್ತಿರುತ್ತದೆ. ಅಲ್ಲಿಯೂ ಅದೇ ವರ್ಷ, ಅದೇ ಊರು, ಅದೇ ಪಾದ್ರಿಯ ಕೈಬರಹ ಇರುವುದರಿಂದ, ಹೆಸರನ್ನು ಅವಸರದಲ್ಲಿ ಓದಿದವರು ತಪ್ಪು ಸಾಲನ್ನೇ ತಮ್ಮ ಪೂರ್ವಜರದೆಂದು ಭಾವಿಸುವ ಅಪಾಯವಿದೆ.

ಇನ್ನು ಶಾಶ್ವತ ಕೊಂಡಿಯ ವಿಚಾರ. 1995ರಲ್ಲಿ ಪರ್ಲ್ ಎಂಬ ವ್ಯವಸ್ಥೆ ಬಂತು, 2001ರಲ್ಲಿ ಆರ್ಕ್ ಬಂತು. ಎರಡರ ತತ್ತ್ವವೂ ಒಂದೇ: ದಾಖಲೆಗೆ ಬದಲಾಗದ ಒಂದು ಗುರುತು ಕೊಟ್ಟು, ಆ ಗುರುತಿನ ದಾಖಲೆ ಈಗ ಯಾವ ವಿಳಾಸದಲ್ಲಿದೆ ಎಂಬ ಪಟ್ಟಿಯನ್ನು ಯಾರಾದರೂ ತಪ್ಪದೆ ತಿದ್ದುತ್ತಾ ಇರುವುದು. ಗುರುತಿನ ಸಂಖ್ಯೆ ತಾನಾಗಿ ಏನನ್ನೂ ಮಾಡುವುದಿಲ್ಲ. ಪಟ್ಟಿಯನ್ನು ತಿದ್ದುವ ಸಿಬ್ಬಂದಿಗೆ ಸಂಬಳ ಸಿಗುವವರೆಗೆ, ಹೊಸ ತಂತ್ರಾಂಶಕ್ಕೆ ಹೋಗುವಾಗ ಹಳೆಯ ಪಟ್ಟಿಯನ್ನು ಹೊತ್ತೊಯ್ಯಬೇಕೆಂದು ಅಧಿಕಾರದಲ್ಲಿರುವವರಿಗೆ ಅನಿಸುವವರೆಗೆ ಅದು ಶಾಶ್ವತ. ಪರ್ಲ್ ವ್ಯವಸ್ಥೆಯೇ 2016ರಲ್ಲಿ ಗ್ರಂಥಾಲಯಗಳ ಸಹಕಾರ ಕೂಟವಾದ ಓಸಿಎಲ್‌ಸಿ ಸಂಸ್ಥೆಯಿಂದ ಇಂಟರ್ನೆಟ್ ಆರ್ಕೈವ್‌ಗೆ ಕೈಬದಲಾಯಿತು. 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲವೆಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ವರದಿ ಮಾಡಿದೆ. ಅದರೊಂದಿಗೆ ಹೋಲಿಸಿದರೆ, ಆರ್ಕ್‌ನಂಥ ಗುರುತು ಕೊಡುವ ಪತ್ರಾಗಾರಗಳ ಕೊಂಡಿ ಖಂಡಿತ ಹೆಚ್ಚು ಬಾಳುತ್ತದೆ. ಆದರೆ ಅದೊಂದನ್ನೇ ಆಧಾರವಾಗಿಟ್ಟುಕೊಂಡು ಟಿಪ್ಪಣಿ ಬರೆಯಬಾರದು.

ನಿಮ್ಮ ಮೂಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ. ಚಿತ್ರ ಎಲ್ಲಿದೆ ಎಂದು ಬರೆಯುವ ಮೊದಲು ಕಾಗದ ಎಲ್ಲಿದೆ ಎಂದು ಬರೆಯಿರಿ. ಯಾವ ಪತ್ರಾಗಾರ, ಯಾವ ಸರಣಿ, ಯಾವ ಸಂಪುಟ, ಯಾವ ಹಾಳೆ, ಹಾಳೆಯಲ್ಲಿ ಎಷ್ಟನೆಯ ನಮೂದು ಎಂಬುದು ಮೊದಲು, ಕೊಂಡಿ ಕೊನೆಗೆ.

ಬಯಲುಸೀಮೆ

ಇಷ್ಟೆಲ್ಲ ಬೇಕೇ ಎಂಬುದು ನನ್ನ ಸಂದೇಹ. ದಾಖಲೆ ಸಿಕ್ಕ ಕೂಡಲೇ ಚಿತ್ರವನ್ನು ಇಳಿಸಿಕೊಂಡು ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ ಇಟ್ಟುಕೊಂಡರೆ, ಜಾಲತಾಣ ಇದ್ದರೆಷ್ಟು ಹೋದರೆಷ್ಟು? ನಾನು ಹಾಗೆಯೇ ಮಾಡುತ್ತಿದ್ದೇನೆ ಮತ್ತು ಇದುವರೆಗೆ ಯಾವ ಆಧಾರವನ್ನೂ ಕಳೆದುಕೊಂಡಿಲ್ಲ.

ಹೊನ್ನಾವರದ ಮರಿಮಗಳು

ಬಯಲುಸೀಮೆ ಅವರೇ, ನಾನೂ ಕೆಲವು ಚಿತ್ರಗಳನ್ನು ಇಳಿಸಿಕೊಂಡಿದ್ದೆ. ಇದೇ ಬ್ಯಾಪ್ಟಿಸಂ ದಾಖಲೆಯ ಚಿತ್ರವೂ ನನ್ನಲ್ಲಿದೆ. ಆದರೆ ನನಗೆ ಬೇಕಾದ ಒಂದು ಸಾಲನ್ನಷ್ಟೇ ಕತ್ತರಿಸಿ ಉಳಿಸಿಕೊಂಡಿದ್ದೇನೆ. ಪುಟದ ಮೇಲಿನ ಶೀರ್ಷಿಕೆ, ಹಾಳೆಯ ಸಂಖ್ಯೆ, ಅಡಿಯಲ್ಲಿರುವ ಪಾದ್ರಿಯ ಸಹಿ ಯಾವುದೂ ಅದರಲ್ಲಿಲ್ಲ. ಕಡತಕ್ಕೆ ಗಣಕಯಂತ್ರ ಕೊಟ್ಟ ಉದ್ದನೆಯ ಸಂಖ್ಯೆಯೇ ಹೆಸರಾಗಿ ಉಳಿದಿದೆ. ಆ ಚಿತ್ರವನ್ನು ಮೊಮ್ಮಗಳಿಗೆ ತೋರಿಸಿದರೆ, ಇದು ಹೊನ್ನಾವರದ್ದೇ ಎಂದು ಹೇಗೆ ಗೊತ್ತು ಎಂದು ಕೇಳುತ್ತಾಳೆ, ಮತ್ತು ಅವಳು ಹಾಗೆ ಕೇಳುವುದು ಸರಿಯಾಗಿಯೇ ಇದೆ.

ನಿವೃತ್ತ ಗ್ರಂಥಪಾಲಕ

ಚಿತ್ರ ಇಳಿಸಿಕೊಳ್ಳುವುದನ್ನು ನಾನು ವಿರೋಧಿಸುವುದಿಲ್ಲ, ಆ ಜಾಲತಾಣದ ನಿಯಮಗಳು ಒಪ್ಪಿದರೆ ಖಂಡಿತ ಮಾಡಬೇಕು. ಆದರೆ ಇಡೀ ಪುಟವನ್ನು ಇಳಿಸಿಕೊಳ್ಳಬೇಕು, ಸಾಧ್ಯವಾದರೆ ಸಂಪುಟದ ಮೊದಲ ಪುಟವನ್ನೂ ಜೊತೆಗಿಡಬೇಕು, ಮತ್ತು ಕಡತದ ಹೆಸರಿನಲ್ಲಿಯೇ ಸರಣಿ, ಸಂಪುಟ, ಹಾಳೆಗಳನ್ನು ಬರೆಯಬೇಕು. ಮೂಲ ಯಾವುದೆಂದು ತಿಳಿಯದ ಚಿತ್ರವನ್ನು ಇನ್ನೊಬ್ಬರು ಪರೀಕ್ಷಿಸಿ ನೋಡುವಂತಿಲ್ಲ. ವಂಶಾವಳಿಯಲ್ಲಿ ಪರೀಕ್ಷಿಸಲಾಗದ ಆಧಾರಕ್ಕೂ ಮನೆಯವರ ಬಾಯಿಮಾತಿಗೂ ಹೆಚ್ಚಿನ ವ್ಯತ್ಯಾಸವಿಲ್ಲ.

ನಿಮ್ಮ ಹುಡುಕಾಟಕ್ಕೆ ನೇರವಾಗಿ ಸಂಬಂಧಿಸಿದ ಮಾತೊಂದಿದೆ. ಕಂಪನಿಯ ಕಾಲದಿಂದ 1948ರವರೆಗೆ ಭಾರತದ ಚರ್ಚ್‌ಗಳ ಬ್ಯಾಪ್ಟಿಸಂ, ಮದುವೆ ಮತ್ತು ಸಮಾಧಿ ನಮೂದುಗಳ ನಕಲುಗಳು ಪ್ರಾಂತದ ರಾಜಧಾನಿಗಳ ಮೂಲಕ ಲಂಡನ್ನಿಗೆ ಹೋಗುತ್ತಿದ್ದವು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಎನ್ ಸರಣಿಯಾಗಿವೆ: ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಬೊಂಬಾಯಿ. ಮೈಸೂರು ಸಂಸ್ಥಾನದೊಳಗಿದ್ದರೂ ಬೆಂಗಳೂರು ದಂಡಿನ ಚರ್ಚ್‌ಗಳ ನಕಲುಗಳು ಮದರಾಸಿನ ಮೂಲಕ ಹೋದವು. ಧಾರವಾಡ, ಬೆಳಗಾವಿಯವು ಬೊಂಬಾಯಿಯ ಮೂಲಕ ಹೋದವು. ಈ ಸರಣಿಗಳು 2014ರಿಂದ ಫೈಂಡ್‌ಮೈಪಾಸ್ಟ್ ಎಂಬ ಚಂದಾ ತಾಣದಲ್ಲಿ ಚಿತ್ರಗಳಾಗಿ ಸಿಗುತ್ತವೆ.

2023ರ ಅಕ್ಟೋಬರ್ 28ರಂದು ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿ ನಡೆದದ್ದು ಇಲ್ಲಿ ಹಲವರಿಗೆ ನೆನಪಿರಬಹುದು. ಗ್ರಂಥಾಲಯದ ಜಾಲ ಸೇವೆಗಳು ಏಕಾಏಕಿ ನಿಂತುಹೋದವು. ಮುಖ್ಯ ಸೂಚಿಯನ್ನು ಹುಡುಕುವ ಸೌಲಭ್ಯ ಸೀಮಿತ ರೂಪದಲ್ಲಿ ಮರಳಿ ಬಂದದ್ದೇ 2024ರ ಜನವರಿ 15ರಂದು. ಪೂರ್ವಜರ ಹುಡುಕಾಟಕ್ಕೆಂದು ಸುಮಾರು 3 ಲಕ್ಷ ನಮೂದುಗಳಿದ್ದ ಅಲ್ಲಿನ ಪ್ರತ್ಯೇಕ ಸೂಚಿಯೂ ಆಗ ಕೈಗೆ ಸಿಗದಾಯಿತು. ಆ ಸೂಚಿಯ ಕೊಂಡಿಯನ್ನಷ್ಟೇ ಬರೆದುಕೊಂಡಿದ್ದವರ ಕೈ ಬರಿದಾಯಿತು. ಎನ್ ಸರಣಿ, ಸಂಪುಟ ಮತ್ತು ಹಾಳೆಯನ್ನು ಬರೆದುಕೊಂಡಿದ್ದವರು ಅದೇ ಹಾಳೆಯ ಚಿತ್ರವನ್ನು ಬೇರೆ ತಾಣದಲ್ಲಿ ತೆರೆಯಬಹುದಿತ್ತು. ಒಂದೇ ಕಾಗದಕ್ಕೆ ಹಲವು ಕೊಂಡಿಗಳಿರಬಹುದು, ಆದರೆ ಕಾಗದ ಇರುವ ಕಪಾಟು ಒಂದೇ.

ಓಸ್ಲೋದ ಕನ್ನಡಿಗ

ನನ್ನ ಮಡದಿಯ ಕುಟುಂಬ ನಾರ್ವೆಯದು. ಮಕ್ಕಳಿಗಾಗಿ ಎರಡೂ ಕಡೆಯ ವಂಶಾವಳಿ ಬರೆಯುತ್ತಿರುವುದರಿಂದ ಇಲ್ಲಿನ ಅನುಭವವನ್ನು ಹೇಳಬಯಸುತ್ತೇನೆ. ಇಲ್ಲಿನ ರಾಷ್ಟ್ರೀಯ ಪತ್ರಾಗಾರದ ಡಿಜಿಟಲ್‌ಆರ್ಕಿವೆಟ್ ಎಂಬ ತಾಣ 1998ರಿಂದ ಇದೆ. ಚರ್ಚ್ ಪುಸ್ತಕದ ಪ್ರತಿಯೊಂದು ಚಿತ್ರಕ್ಕೂ ಶಾಶ್ವತ ಗುರುತೊಂದನ್ನು ಕೊಟ್ಟು, ಅದನ್ನು ಚಿತ್ರದ ಜೊತೆಗೆ ಓದುಗರಿಗೆ ಕಾಣುವಂತೆ ಇಡುತ್ತಾರೆ. ನಕಲು ಮಾಡಿಕೊಳ್ಳಲು ಸಿದ್ಧವಾದ ಆಧಾರ ವಾಕ್ಯವೂ ಅಲ್ಲಿಯೇ ಇರುತ್ತದೆ: ಯಾವ ಪತ್ರಾಗಾರ, ಯಾವ ಚರ್ಚ್, ಯಾವ ಪುಸ್ತಕ, ಯಾವ ವರ್ಷಗಳು, ಯಾವ ಪುಟ. ಸ್ವೀಡನ್ನಿನ ಆರ್ಕಿವ್‌ಡಿಜಿಟಲ್ ಸಂಸ್ಥೆಯ ಗುರುತಿನಲ್ಲಿ ಸಂಪುಟ, ಚಿತ್ರ ಮತ್ತು ಪುಟ ಮೂರೂ ಪ್ರತ್ಯೇಕ ಅಕ್ಷರಗಳೊಂದಿಗೆ ಕಾಣುವುದರಿಂದ, ತಾಣವನ್ನು ತೆರೆಯದೆಯೇ ಆ ಗುರುತನ್ನು ಓದಿ ಅರ್ಥ ಮಾಡಿಕೊಳ್ಳಬಹುದು.

ನಾರ್ವೆಯಲ್ಲಿ ಕಲಿತ ಇನ್ನೊಂದು ಸಂಗತಿ ನಮ್ಮ ಕಡೆಗೂ ಅನ್ವಯಿಸುತ್ತದೆ. 1812ರ ರಾಜಾಜ್ಞೆಯ ಪ್ರಕಾರ ಪ್ರತಿ ಚರ್ಚಿನಲ್ಲಿ ಪಾದ್ರಿಯ ಪುಸ್ತಕವಲ್ಲದೆ, ಚರ್ಚಿನ ಸಹಾಯಕ ಬರೆಯುವ ಇನ್ನೊಂದು ಪ್ರತಿಯೂ ಇರಬೇಕಾಗಿತ್ತು. ಬೆಂಕಿ ಬಿದ್ದರೆ ಒಂದಾದರೂ ಉಳಿಯಲೆಂದು ಎರಡನ್ನೂ ಒಂದೇ ಸೂರಿನಡಿ ಇಡಬಾರದೆಂಬ ನಿಯಮವಿತ್ತು. ಹೀಗಾಗಿ ಒಂದೇ ಮಗುವಿನ ನಮೂದು ಎರಡು ಪುಸ್ತಕಗಳಲ್ಲಿರುತ್ತದೆ, ಮತ್ತು ಎರಡೂ ಅಕ್ಷರಶಃ ಹೊಂದುವುದಿಲ್ಲ. ಯಾವುದನ್ನು ನೋಡಿದೆವೆಂದು ಬರೆಯದಿದ್ದರೆ, ಕೊಂಡಿ ಬದುಕಿದ್ದರೂ ಗೊಂದಲ ತಪ್ಪುವುದಿಲ್ಲ.

ನಿವೃತ್ತ ಗ್ರಂಥಪಾಲಕ

ಬಹಳ ಮುಖ್ಯವಾದ ಮಾತು. ಇಂಡಿಯಾ ಆಫೀಸ್‌ನ ಎನ್ ಸರಣಿ ನಕಲು ಮಾತ್ರ. ಚರ್ಚಿನಲ್ಲಿ ಬರೆದ ಮೂಲ ಪುಸ್ತಕ ಭಾರತದಲ್ಲಿಯೇ ಉಳಿಯಿತು. ನಕಲು ಮಾಡುವ ಗುಮಾಸ್ತನು ಹೆಸರನ್ನು ತಪ್ಪಾಗಿ ಓದಿರಬಹುದು, ಒಂದು ಸಾಲನ್ನು ಬಿಟ್ಟಿರಬಹುದು. ಆದ್ದರಿಂದ ಟಿಪ್ಪಣಿಯಲ್ಲಿ "ಲಂಡನ್ನಿಗೆ ಕಳಿಸಿದ ನಕಲು" ಎಂಬ ಮೂರು ಪದಗಳನ್ನು ಸೇರಿಸಿಕೊಳ್ಳಿ. ಮುಂದೆ ಯಾರಾದರೂ ಚರ್ಚಿನ ಮೂಲ ಪುಸ್ತಕವನ್ನು ನೋಡಿದಾಗ ವ್ಯತ್ಯಾಸ ಕಂಡರೆ, ಯಾವುದು ಯಾವುದರಿಂದ ಬಂದಿತೆಂದು ಅವರಿಗೆ ತಿಳಿಯುತ್ತದೆ.

ಬೇರು ಹುಡುಕುವವ

ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ದಾಖಲೆಗಳ ತಾಣವನ್ನು ಹೆಚ್ಚು ಬಳಸುವವನಾದ್ದರಿಂದ ಅದರ ಕೊಂಡಿಗಳ ಒಳರಚನೆಯನ್ನು ವಿವರಿಸುತ್ತೇನೆ, ಏಕೆಂದರೆ ಇದನ್ನು ಅರಿತರೆ ಅನೇಕ ಹಳೆಯ ಟಿಪ್ಪಣಿಗಳನ್ನು ಉಳಿಸಿಕೊಳ್ಳಬಹುದು.

ಅಲ್ಲಿನ ಈಗಿನ ಕೊಂಡಿಯಲ್ಲಿ ಆರ್ಕ್ ಎಂಬ ಪದವೂ, ನಂತರ 61903 ಎಂಬ ಸಂಖ್ಯೆಯೂ ಬರುತ್ತವೆ. ಅದು ಆ ಸಂಸ್ಥೆಗೆ ಕೊಟ್ಟಿರುವ ಸಂಖ್ಯೆ. ಅದರ ಮುಂದೆ 1:1 ಎಂದಿದ್ದರೆ ಅದು ಸೂಚಿಯ ನಮೂದು, ಅಂದರೆ ಯಾರೋ ದಾಖಲೆಯನ್ನು ಓದಿ ಬರೆದ ಸಾರಾಂಶ. 3:1 ಎಂದಿದ್ದರೆ ಅದು ಪುಟದ ಚಿತ್ರ. ನಾನು ಯಾವಾಗಲೂ ಎರಡನ್ನೂ ಬರೆದುಕೊಳ್ಳುತ್ತೇನೆ, ಆದರೆ ಹೆಚ್ಚು ನಂಬುವುದು ಚಿತ್ರದ ಗುರುತನ್ನು. ಸೂಚಿಯನ್ನು ತಿದ್ದುತ್ತಾರೆ, ಹೊಸದಾಗಿ ತಯಾರಿಸುತ್ತಾರೆ. ಚಿತ್ರ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಕೊಂಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಉದ್ದನೆಯ ಬಾಲವು, ನೀವು ಯಾವ ದಾರಿಯಲ್ಲಿ ಆ ಪುಟಕ್ಕೆ ಬಂದಿರೆಂಬುದರ ಗುರುತು. ದಾಖಲೆಯ ಗುರುತು ಅದರ ಹಿಂದೆಯೇ ಮುಗಿದಿರುತ್ತದೆ, ಆದ್ದರಿಂದ ಬಾಲವನ್ನು ಕತ್ತರಿಸಿ ಉಳಿದುದನ್ನು ಬರೆದುಕೊಂಡರೆ ಸಾಕು. ಆದರೆ ಹಳೆಯ ಟಿಪ್ಪಣಿಯಲ್ಲಿರುವ ಬಾಲವನ್ನು ಎಸೆಯುವ ಮೊದಲು ಅದರಲ್ಲಿ ಐ ಅಕ್ಷರದ ಮುಂದಿನ ಸಂಖ್ಯೆಯನ್ನು ನೋಡಿ. ಆ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ, ಐ ಮುಂದೆ 123 ಎಂದಿದ್ದರೆ ಪರದೆಯ ಮೇಲೆ ನೀವು ನೋಡಿದ್ದು 124ನೆಯ ಚಿತ್ರ. ಪಾಲ್ ಎಂಬ ಪದದಿಂದ ಕೂಡಿದ ಕೊಂಡಿಗಳು ಆರ್ಕ್‌ಗಿಂತ ಹಿಂದಿನ ಕಾಲದವು. ಅವನ್ನು ಸಿಕ್ಕಾಗಲೇ ಹೊಸ ರೂಪಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದು.

ಆ ಸಂಸ್ಥೆ ಹಿಂದೆ ದಾಖಲೆಗಳ ಚಿತ್ರ ತೆಗೆದಿಟ್ಟ ಮೈಕ್ರೋಫಿಲ್ಮ್ ಸುರುಳಿಯ ಸಂಖ್ಯೆಯನ್ನು ಮಾತ್ರ ಎಂದಿಗೂ ಬಿಡಬೇಡಿ. ಫಿಲ್ಮ್ ಸುರುಳಿಗಳನ್ನು ಕೇಂದ್ರಗಳಿಗೆ ತರಿಸಿಕೊಡುವ ವ್ಯವಸ್ಥೆ 2017ರ ಸೆಪ್ಟೆಂಬರ್ 7ರಂದು ನಿಂತಿತು, ಸುಮಾರು 24 ಲಕ್ಷ ಸುರುಳಿಗಳ ಡಿಜಿಟಲೀಕರಣ 2021ರಲ್ಲಿ ಮುಗಿಯಿತು. ಆದರೂ ಹಳೆಯ ಫಿಲ್ಮ್ ಸಂಖ್ಯೆಯನ್ನು ಅವರ ಗ್ರಂಥಸೂಚಿಯಲ್ಲಿ ಹಾಕಿದರೆ ಇಂದಿಗೂ ಸರಿಯಾದ ಸಂಪುಟದ ವಿವರಕ್ಕೆ ಹೋಗಬಹುದು. 1985ರಲ್ಲಿ ಯಾರೋ ಕಾಗದದ ಮೇಲೆ ಬರೆದಿಟ್ಟ ಫಿಲ್ಮ್ ಸಂಖ್ಯೆಯೂ ಈ ರೀತಿ ಕೆಲಸಕ್ಕೆ ಬರುತ್ತದೆ ಎಂಬುದು ಬಹಳ ಸಮಾಧಾನದ ವಿಷಯ.

ಮರಿಮಗಳು ಅವರೇ, ಭಾರತದ ಬ್ಯಾಪ್ಟಿಸಂಗಳ ಸೂಚಿಯೊಂದು ಅಲ್ಲಿದೆ, 1786ರಿಂದ 1947ರವರೆಗಿನದು. ನಿಮ್ಮ ತಾಯಿಯ ಮುತ್ತಜ್ಜಿಯವರ ತಂದೆಯ ಹೆಸರಿನಿಂದ ಅದರಲ್ಲಿ ಹುಡುಕಿ. ಊರಿನ ಹೆಸರನ್ನು ಖಾಲಿ ಬಿಡಿ.

ಕಾಳಿ ನದಿಯ ದಡ

ಊರಿನ ಹೆಸರನ್ನು ಖಾಲಿ ಬಿಡಬೇಕೆಂಬ ಮಾತನ್ನು ನಾನೂ ಒತ್ತಿ ಹೇಳುತ್ತೇನೆ. ಅದರ ಜೊತೆಗೆ, ನೀವು ತಪ್ಪು ಸರಣಿಯಲ್ಲಿ ಹುಡುಕುತ್ತಿದ್ದೀರಿ ಎಂದು ನನಗನಿಸುತ್ತದೆ. ಉತ್ತರ ಕನ್ನಡ ಬೊಂಬಾಯಿ ಪ್ರಾಂತಕ್ಕೆ ಸೇರಿದ್ದು 1862ರಲ್ಲಿ. ಅದಕ್ಕೆ ಮೊದಲು ಕೆನರಾ ಇಡಿಯಾಗಿ ಮದರಾಸು ಪ್ರಾಂತದಲ್ಲಿತ್ತು. 1858ರ ಹೊನ್ನಾವರದ ನಮೂದು ಎನ್/3ರಲ್ಲಿ ಇರಲು ಕಾರಣವೇ ಇಲ್ಲ, ಅದನ್ನು ಎನ್/2ರಲ್ಲಿ ಹುಡುಕಬೇಕು. ಅಂದಿನ ಇಂಗ್ಲಿಷ್ ದಾಖಲೆಗಳು ಹೊನ್ನಾವರವನ್ನು ಹೊನೋರ್ ಎಂದೂ ಓನೋರ್ ಎಂದೂ ಬರೆಯುತ್ತಿದ್ದವು ಎಂಬುದನ್ನೂ ಗಮನದಲ್ಲಿಡಿ.

ಹಳೆಯ ಪಹಣಿ

ಪ್ರಾಂತ ಬದಲಾದ ಈ ಉದಾಹರಣೆ ಜಮೀನಿನ ದಾಖಲೆಗಳಿಂದ ವಂಶವೃಕ್ಷ ಕಟ್ಟುವ ನಮ್ಮಂಥವರಿಗೂ ಅನ್ವಯಿಸುತ್ತದೆ. ಪಹಣಿಯನ್ನು ಆನ್‌ಲೈನ್‌ನಲ್ಲಿ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮಗಳನ್ನು ಆಯ್ದುಕೊಂಡು, ಸರ್ವೆ ನಂಬರ್ ಮತ್ತು ಹಿಸ್ಸಾ ಸಂಖ್ಯೆ ಹಾಕಿ ತೆಗೆಯುತ್ತೇವೆ. ಆ ಪುಟಕ್ಕೆ ಉಳಿಸಿಟ್ಟುಕೊಳ್ಳಬಹುದಾದ ಕೊಂಡಿಯೇ ಸಿಗುವುದಿಲ್ಲ, ಆದ್ದರಿಂದ ಈ ವಿವರಗಳೇ ದಾಖಲೆಯ ವಿಳಾಸ. ಆದರೆ 2007ರಲ್ಲಿ ರಾಮನಗರ ಮತ್ತು ಚಿಕ್ಕಬಳ್ಳಾಪುರ, 2010ರಲ್ಲಿ ಯಾದಗಿರಿ, 2021ರಲ್ಲಿ ವಿಜಯನಗರ ಜಿಲ್ಲೆಗಳು ಹೊಸದಾಗಿ ಆದವು. 1990ರ ಕೈಬರಹದ ಪಹಣಿಯಲ್ಲಿ ಬೇರೆ ಜಿಲ್ಲೆಯ ಹೆಸರಿರುತ್ತದೆ. ದಾಖಲೆಯಲ್ಲಿ ಇದ್ದ ಹಾಗೆಯೇ ಹಳೆಯ ಹೆಸರನ್ನು ಬರೆದು, ಪಕ್ಕದಲ್ಲಿ ಈಗಿನ ಹೆಸರನ್ನೂ ಬರೆಯುವುದನ್ನು ನಾನು ಅಭ್ಯಾಸ ಮಾಡಿಕೊಂಡಿದ್ದೇನೆ.

ತುಂಗಾತೀರ

ತಾಣವೇ ಇಲ್ಲವಾದಾಗ ಗುರುತಿನ ಸಂಖ್ಯೆ ಹೇಗೆ ಕಾಪಾಡುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರಿನದೇ ನಿದರ್ಶನವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪಾತ್ರ ದೊಡ್ಡದಾಗಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಹಳೆಯ ಗೆಜೆಟಿಯರ್‌ಗಳು, ಸರ್ಕಾರಿ ನೌಕರರ ಪಟ್ಟಿಗಳು, ಶಾಸನ ಸಂಪುಟಗಳು, ಕನ್ನಡ ಪುಸ್ತಕಗಳು ಸ್ಕ್ಯಾನ್ ಆಗಿದ್ದವು. ಪೂರ್ವಜರ ಹುದ್ದೆ, ಊರು, ವರ್ಗಾವಣೆಗಳನ್ನು ಹುಡುಕುವವರಿಗೆ ಅದೊಂದು ಕಣಜವಾಗಿತ್ತು. ಆ ತಾಣ ಮುಚ್ಚಿದಾಗ ಅದರ ಕೊಂಡಿಗಳೆಲ್ಲವೂ ಒಟ್ಟಿಗೆ ಸತ್ತವು. ಆದರೆ ಅಲ್ಲಿನ ಲಕ್ಷಾಂತರ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್ ಸೇರಿದ್ದವು, ಮತ್ತು ಪ್ರತಿಯೊಂದು ಪುಸ್ತಕದ ಹೊಸ ವಿಳಾಸದಲ್ಲಿ "ಡಿಎಲ್‌ಐ 2015" ಎಂಬ ಗುರುತಿನ ನಂತರ ಒಂದು ಸಂಖ್ಯೆಯಿದೆ. ಶೀರ್ಷಿಕೆಗಳನ್ನು ಬೇರೆ ಬೇರೆ ಕಾಗುಣಿತದಲ್ಲಿ ನಮೂದಿಸಿರುವುದರಿಂದ ಹೆಸರಿನಿಂದ ಹುಡುಕಿದರೆ ಪುಸ್ತಕ ಸಿಗದಿರುವುದೇ ಹೆಚ್ಚು. ಗುರುತಿನ ಸಂಖ್ಯೆ ಬರೆದುಕೊಂಡವರು ಮಾತ್ರ ನೇರವಾಗಿ ಅದೇ ಪ್ರತಿಗೆ ಹೋಗಬಹುದು. ಅದರ ಜೊತೆಗೆ ಮುದ್ರಣದ ವರ್ಷ ಮತ್ತು ಪುಟವನ್ನೂ ಬರೆಯಿರಿ. ಸ್ಕ್ಯಾನಿನ ಪುಟ ಸಂಖ್ಯೆಗೂ ಪುಸ್ತಕದ ಮೇಲೆ ಅಚ್ಚಾಗಿರುವ ಪುಟ ಸಂಖ್ಯೆಗೂ ವ್ಯತ್ಯಾಸವಿರುತ್ತದೆ, ನಿಮಗೆ ಬೇಕಾದದ್ದು ಅಚ್ಚಿನ ಸಂಖ್ಯೆ.

ಬಯಲುಸೀಮೆ

ಗ್ರಂಥಪಾಲಕ ಅವರ ಮಾತನ್ನು ಒಪ್ಪಿಕೊಂಡು ನನ್ನ ಚಿತ್ರಗಳ ಕಡತವನ್ನು ಮತ್ತೆ ತೆರೆದು ನೋಡಿದೆ. ಆಧಾರ ಕಳೆದುಕೊಂಡಿಲ್ಲವೆಂದು ಹೇಳಿದ್ದನ್ನು ತಿದ್ದಿಕೊಳ್ಳಬೇಕಾಗಿದೆ. ಮೂವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಸಂಪುಟದ ಹೆಸರಿಲ್ಲ.

ಇಂಟರ್ನೆಟ್ ಆರ್ಕೈವ್‌ನ ಮಾತು ಬಂದಿರುವುದರಿಂದ ಕೇಳುತ್ತಿದ್ದೇನೆ: ದಾಖಲೆಯ ಪುಟವನ್ನು, ಜಾಲಪುಟಗಳ ನಕಲನ್ನು ಕಾದಿಡುವ ಅದರ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿಟ್ಟು ಆ ಕೊಂಡಿಯನ್ನು ಬರೆದುಕೊಂಡರೆ ಆಗದೇ?

ಬೇರು ಹುಡುಕುವವ

ಸಾಮಾನ್ಯ ಬರಹದ ಪುಟಗಳಿಗೆ ಅದು ಬಹಳ ಒಳ್ಳೆಯ ಉಪಾಯ. ಸಮಾಧಿ ಶಿಲೆಗಳ ಪಟ್ಟಿ, ಕುಟುಂಬದ ಜಾಲಪುಟ, ಸಂಘದ ಲೇಖನ ಇವುಗಳನ್ನು ನೋಡಿದ ದಿನವೇ ಉಳಿಸಿಡಿ. ಉಚಿತ ಜಾಲಪುಟಗಳ ಸೇವೆಯಾಗಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಹೋಗಬೇಕಾಗಿದ್ದ ಎಷ್ಟೋ ಕುಟುಂಬ ಪುಟಗಳು ಹೀಗೆ ಉಳಿದವು. ಆದರೆ ಪತ್ರಾಗಾರದ ಚಿತ್ರಗಳಿಗೆ ಅದು ಸಾಮಾನ್ಯವಾಗಿ ಒದಗುವುದಿಲ್ಲ. ಪ್ರವೇಶ ಪದದ ಹಿಂದಿರುವ ಪುಟವನ್ನು ಅದು ನೋಡಲಾರದು. ಚಿತ್ರವನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ತಂದು ಜೋಡಿಸಿ ತೋರಿಸುವ ತಾಣಗಳಲ್ಲಿ ಹೊರಗಿನ ಚೌಕಟ್ಟು ಉಳಿದು, ಒಳಗಿನ ಚಿತ್ರ ಖಾಲಿಯಾಗಿರುತ್ತದೆ. ಉಳಿಸಿದ ನಂತರ ಒಮ್ಮೆ ತೆರೆದು ನೋಡದಿದ್ದರೆ ಇದು ತಿಳಿಯುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ದಾಳಿಗೆ ಸಿಕ್ಕಿ ಇಂಟರ್ನೆಟ್ ಆರ್ಕೈವ್ ಕೂಡ ಕೆಲವು ದಿನ ನಿಂತುಹೋಗಿತ್ತು.

ವಂಶಾವಳಿಯ ತಂತ್ರಾಂಶ ಬಳಸುವವರಿಗೆ ಒಂದು ಮಾತು: ಕೊಂಡಿಗೆಂದೇ ಇರುವ ಪ್ರತ್ಯೇಕ ಅಂಕಣದಲ್ಲಿ ಮಾತ್ರ ವಿಳಾಸವನ್ನು ಬರೆಯಬೇಡಿ. ಜೆಡ್‌ಕಾಮ್ ಕಡತವಾಗಿ ಬೇರೆ ತಂತ್ರಾಂಶಕ್ಕೆ ಕೊಂಡೊಯ್ಯುವಾಗ ಅಂಥ ವಿಶೇಷ ಅಂಕಣಗಳು ಬಿದ್ದುಹೋಗಬಹುದು. ಆಧಾರದ ವಾಕ್ಯದೊಳಗೇ ಎಲ್ಲವನ್ನೂ ಬರೆಯಿರಿ.

ಕೃಷ್ಣೆಯ ಮಗ

ನನ್ನ ಪ್ರಶ್ನೆ ತುಸು ಬೇರೆ, ಆದರೆ ಇದೇ ವಿಷಯಕ್ಕೆ ಸೇರಿದ್ದು. ನಮ್ಮ ಊರಿಗೆ ಹೆಳವರು ಇಂದಿಗೂ ಬರುತ್ತಾರೆ. ಮನೆಯ ಮುಂದೆ ಕುಳಿತು ನಮ್ಮ ಮನೆತನದ ಹಿರಿಯರ ಹೆಸರುಗಳನ್ನು ಪುಸ್ತಕ ನೋಡಿ ಓದುತ್ತಾರೆ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರನ್ನು ಸೇರಿಸಿಕೊಂಡು, ಕೊಟ್ಟ ಕಾಳು ಮತ್ತು ಕಾಣಿಕೆ ಪಡೆದು ಹೋಗುತ್ತಾರೆ. ಕಳೆದ ಸುಗ್ಗಿಯಲ್ಲಿ ಅವರ ಒಪ್ಪಿಗೆ ಪಡೆದು ನಮ್ಮ ಮನೆತನದ ಪುಟಗಳ ಫೋಟೋ ತೆಗೆದೆ. ಬಳಗದ ಎಲ್ಲರಿಗೂ ಕ್ಲೌಡ್ ಕಡತದ ಕೊಂಡಿಯನ್ನು ಕಳಿಸಿದ್ದೇನೆ. ಈ ಚರ್ಚೆ ಓದಿದ ಮೇಲೆ, ನನ್ನ ಖಾತೆ ಮುಚ್ಚಿದ ದಿನ ಆ ಕೊಂಡಿಯೂ ಹೋಗುತ್ತದೆಂದು ಅರಿವಾಯಿತು. ಇಲ್ಲಿ ಸರಣಿ, ಸಂಪುಟ ಯಾವುದೂ ಇಲ್ಲವಲ್ಲ, ಏನನ್ನು ಬರೆಯಲಿ?

ನಿವೃತ್ತ ಗ್ರಂಥಪಾಲಕ

ಇಲ್ಲಿಯೂ ಕಾಗದ ಎಲ್ಲಿದೆ ಎಂಬುದನ್ನೇ ಬರೆಯಬೇಕು. ಆ ಪುಸ್ತಕವನ್ನು ಇಟ್ಟುಕೊಂಡಿರುವ ಹೆಳವರ ಮನೆತನದ ಹೆಸರು, ಅವರು ಯಾವ ಊರಿನವರು, ಅವರ ಪಾಲಿಗೆ ಬಂದಿರುವ ಊರುಗಳು ಯಾವುವು, ಪುಸ್ತಕದಲ್ಲಿ ನಿಮ್ಮ ಮನೆತನ ಯಾವ ಹೆಸರಿನ ಕೆಳಗಿದೆ, ಯಾವ ದಿನ, ಯಾರ ಮನೆಯಲ್ಲಿ, ಯಾರು ಓದಿದಾಗ ಫೋಟೋ ತೆಗೆದಿರಿ ಎಂಬುದೆಲ್ಲವೂ ಬೇಕು. ಅವರ ಹೆಸರನ್ನು ಬಳಗದೊಳಗಿನ ಪ್ರತಿಯಲ್ಲಿ ಮಾತ್ರ ಇಟ್ಟು, ಹೊರಗೆ ಹಾಕುವುದಾದರೆ ಮತ್ತೆ ಒಪ್ಪಿಗೆ ಕೇಳಿ. ಆ ಪುಸ್ತಕ ಅವರ ಜೀವನೋಪಾಯ. ಫೋಟೋಗಳನ್ನು ಅಚ್ಚು ಹಾಕಿಸಿ, ಈ ವಿವರಗಳನ್ನು ಪ್ರತಿ ಹಾಳೆಯ ಹಿಂದೆ ಬರೆದು, ಬಳಗದ ಮೂರು ಮನೆಗಳಲ್ಲಿ ಇರಿಸಿ. ಹೆಳವರಿಗೂ ಒಂದು ಪ್ರತಿ ಕೊಡಿ.

ಹೊನ್ನಾವರದ ಮರಿಮಗಳು

ದಾಖಲೆ ಸಿಕ್ಕಿತು. ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಊರಿನ ಹೆಸರನ್ನು ಖಾಲಿ ಬಿಟ್ಟು ತಂದೆಯ ಹೆಸರಿನಿಂದ ಹುಡುಕಿದಾಗ ಸೂಚಿಯಲ್ಲಿ ನಮೂದು ಬಂತು. ಅದರಲ್ಲಿ ಫಿಲ್ಮ್ ಸಂಖ್ಯೆ ಇತ್ತು. ಆ ಸಂಖ್ಯೆಯನ್ನು ಗ್ರಂಥಸೂಚಿಯಲ್ಲಿ ಹಾಕಿದರೆ, 1698ರಿಂದ 1948ರವರೆಗಿನ ಮದರಾಸು ಪ್ರಾಂತದ ಚರ್ಚ್ ನಕಲುಗಳಿಗೆ ಹೋಯಿತು. ಕಾಳಿ ನದಿಯ ದಡ ಅವರು ಹೇಳಿದಂತೆ ಅದು ಎನ್/2 ಸರಣಿಯೇ. ನಮೂದು ಹೊನ್ನಾವರದ ಶೀರ್ಷಿಕೆಯ ಕೆಳಗೆ ಇರಲಿಲ್ಲ. ಮಂಗಳೂರಿನ ಪಾದ್ರಿಯವರು ಕರಾವಳಿಯ ಊರುಗಳಿಗೆ ಹೋಗಿ ನಡೆಸಿದ ಬ್ಯಾಪ್ಟಿಸಂಗಳನ್ನು ಮಂಗಳೂರಿನ ಪಟ್ಟಿಯಲ್ಲಿಯೇ ಬರೆದಿದ್ದಾರೆ, ವಾಸಸ್ಥಳದ ಅಂಕಣದಲ್ಲಿ ಮಾತ್ರ ಹೊನೋರ್ ಎಂದಿದೆ. ನಾನು ಹತ್ತು ವರ್ಷಗಳಿಂದ ಕಾದಿಟ್ಟ, ಒಂದೇ ಸಾಲಿನ ಆ ಚಿತ್ರವನ್ನು ಪಕ್ಕದಲ್ಲಿಟ್ಟು ನೋಡಿದೆ. ಶಾಯಿಯ ಕಲೆಯವರೆಗೂ ಅದೇ.

ಈಗ ಟಿಪ್ಪಣಿಯನ್ನು ಹೀಗೆ ಬರೆದಿದ್ದೇನೆ: ಬ್ರಿಟಿಷ್ ಲೈಬ್ರರಿ, ಇಂಡಿಯಾ ಆಫೀಸ್ ದಾಖಲೆಗಳು, ಎನ್/2 ಸರಣಿ, ನಂತರ ಸಂಪುಟ ಮತ್ತು ಹಾಳೆ; ಲಂಡನ್ನಿಗೆ ಕಳಿಸಿದ ನಕಲು; ಮಂಗಳೂರಿನ ಪಟ್ಟಿ, 1858, ವಾಸಸ್ಥಳ ಹೊನೋರ್ (ಹೊನ್ನಾವರ, ಅಂದು ಮದರಾಸು ಪ್ರಾಂತ, 1862ರಿಂದ ಬೊಂಬಾಯಿ ಪ್ರಾಂತ, ಈಗ ಉತ್ತರ ಕನ್ನಡ ಜಿಲ್ಲೆ); ಫಿಲ್ಮ್ ಸಂಖ್ಯೆ; ಚಿತ್ರದ ಆರ್ಕ್ ಗುರುತು; ನೋಡಿದ ದಿನಾಂಕ. ಇಡೀ ಪುಟದ ಚಿತ್ರವನ್ನೂ ಇದೇ ವಿವರದ ಹೆಸರಿನಲ್ಲಿ ಉಳಿಸಿದ್ದೇನೆ. ಉಳಿದ 73 ಕೊಂಡಿಗಳನ್ನು ವಾರಕ್ಕೆ ಹತ್ತರಂತೆ ಸರಿಪಡಿಸಬೇಕೆಂದಿದ್ದೇನೆ. ಮೊಮ್ಮಗಳು ಅರ್ಧದಷ್ಟನ್ನು ತಾನು ಮಾಡುವೆನೆಂದಿದ್ದಾಳೆ.

ಒಂದು ಸಣ್ಣ ಸಂದೇಹ ಉಳಿದಿದೆ. ಹಾಳೆಯ ಮೇಲ್ಮೂಲೆಯಲ್ಲಿ ಎರಡು ಸಂಖ್ಯೆಗಳಿವೆ: ಶಾಯಿಯಲ್ಲಿ ಬರೆದದ್ದೊಂದು, ಮುದ್ರೆ ಒತ್ತಿದಂತಿರುವುದು ಇನ್ನೊಂದು. ಎರಡೂ ಬೇರೆ ಬೇರೆ. ಯಾವುದನ್ನು ಹಾಳೆಯ ಸಂಖ್ಯೆಯೆಂದು ಬರೆಯಲಿ?

ನಿವೃತ್ತ ಗ್ರಂಥಪಾಲಕ

ಎರಡನ್ನೂ ಬರೆಯಿರಿ, ಯಾವುದು ಶಾಯಿಯದು, ಯಾವುದು ಮುದ್ರೆಯದು ಎಂದೂ ಬರೆಯಿರಿ. ಶಾಯಿಯದು ಬಹುಶಃ ಅಂದಿನ ಗುಮಾಸ್ತ ಹಾಕಿದ್ದು, ಮುದ್ರೆಯದು ಸಂಪುಟ ಕಟ್ಟಿಸಿದ ನಂತರದ್ದು. ಅದೇ ಸಂಪುಟದ ಹಿಂದಿನ ಮತ್ತು ಮುಂದಿನ ಐದಾರು ಹಾಳೆಗಳನ್ನು ತಿರುವಿ ನೋಡಿ, ಯಾವ ಎಣಿಕೆ ತಪ್ಪಿಲ್ಲದೆ ಸಾಲಾಗಿ ಹೋಗುತ್ತದೆಯೋ ಅದನ್ನು ಮೊದಲು ಇಡಿ.